ಅನ್ನಕ್ಕೆ ಲೆಕ್ಕ, ನಂಚಿಕೆಗೆ ದರ್ಜೆ

ತಿಂಗಳಿಗೆ ಅರ್ಧ ಕಿಲೋ ಸಕ್ಕರೆ, ಅರ್ಧ ಕಿಲೋ ಸೋಯಾ ಕಾಳು. 1960ರ ಕೊನೆಯ ಹೊತ್ತಿಗೆ ಚೀನಾದ ಹದಿನೇಳನೇ ದರ್ಜೆಯ ಅಧಿಕಾರಿಗೆ ಸಾಮಾನ್ಯ ಪಡಿತರದ ಮೇಲೆ ಸಿಗುತ್ತಿದ್ದ ಹೆಚ್ಚುವರಿ ಇಷ್ಟೇ. ಜನ ಇಂಥವರಿಗೆ 'ಸಕ್ಕರೆ-ಸೋಯಾ ಅಧಿಕಾರಿ' ಅಂತ ಅಡ್ಡಹೆಸರಿಟ್ಟಿದ್ದರು. ಹದಿಮೂರನೇ ದರ್ಜೆ ಮುಟ್ಟಿದವರು 'ಮಾಂಸ-ಮೊಟ್ಟೆ ಅಧಿಕಾರಿ'ಗಳು. ಅವರಿಗೆ ತಿಂಗಳಿಗೆ ಒಂದು ಕಿಲೋ ಮಾಂಸ, ಒಂದು ಕಿಲೋ ಮೊಟ್ಟೆ. ಅಲ್ಲಿ ದರ್ಜೆಯ ಅಂಕಿ ಇಳಿದಷ್ಟೂ ಕುರ್ಚಿ ಎತ್ತರ.

ಕಮ್ಯುನಿಸ್ಟ್ ನಾಯಕರ ಊಟದ ಮಾತು ಬಂದರೆ ನಮ್ಮ ಕಣ್ಣಿಗೆ ಬರುವುದು ರಷ್ಯಾದ ಕ್ಯಾವಿಯರ್ ಎಂಬ ದುಬಾರಿ ಮೀನಿನ ಮೊಟ್ಟೆ, ಪೂರ್ವ ಜರ್ಮನಿಯ ನಾಯಕರು ಬೇಲಿ ಕಟ್ಟಿಕೊಂಡು ಬಾಳಿದ ವಾಂಡ್ಲಿಟ್ಜ್ ಕಾಲೊನಿ. ಅವುಗಳ ಮುಂದೆ ಅರ್ಧ ಕಿಲೋ ಸೋಯಾ ನಗು ತರಿಸುತ್ತದೆ. ಆದರೆ ಕೊರತೆಯ ರಾಜ್ಯದಲ್ಲಿ ಸವಲತ್ತು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಿದ್ದರೆ ಕ್ಯಾವಿಯರ್‌ಗಿಂತ ಈ ಸೋಯಾ ಕಾಳನ್ನೇ ಹಿಡಿದು ನೋಡುವುದು ವಾಸಿ.

ಶುರುವಾದದ್ದು ಒಲೆಯಿಂದ. 1940ರ ದಶಕದಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಯೆನಾನ್ ಗುಡ್ಡಗಾಡಿನಲ್ಲಿ ಬೀಡುಬಿಟ್ಟಿದ್ದಾಗ ಅಲ್ಲಿ ಸಂಬಳ ಎಂಬುದಿರಲಿಲ್ಲ. ಊಟ, ಬಟ್ಟೆ, ಮಕ್ಕಳ ಖರ್ಚು ಎಲ್ಲವನ್ನೂ ಪಕ್ಷವೇ ಕೊಡುತ್ತಿತ್ತು, ಕೈಖರ್ಚಿಗೆ ಒಂದಿಷ್ಟು ಪುಡಿಗಾಸು. ಇದಕ್ಕೆ ಸರಬರಾಜು ಪದ್ಧತಿ ಎಂದು ಹೆಸರು. ಅಡುಗೆಮನೆ ಮಾತ್ರ ಒಂದೇ ಇರಲಿಲ್ಲ. ಸಾಮಾನ್ಯ ಸೈನಿಕ, ಗುಮಾಸ್ತರಿಗೆ ದೊಡ್ಡ ಒಲೆ, ನಡುವಿನ ಅಧಿಕಾರಿಗಳಿಗೆ ನಡು ಒಲೆ, ಹಿರಿಯರಿಗೆ ಚಿಕ್ಕ ಒಲೆ. ಒಲೆ ಚಿಕ್ಕದಾದಷ್ಟೂ ಮನುಷ್ಯ ದೊಡ್ಡವನು. ದೊಡ್ಡ ಒಲೆಯ ಹಂಡೆಯಲ್ಲಿ ನೂರಾರು ಜನಕ್ಕೆ ಒಟ್ಟಿಗೆ ನವಣೆ ಗಂಜಿ ಬೇಯುತ್ತಿದ್ದರೆ, ಚಿಕ್ಕ ಒಲೆಯ ಬಾಣಲೆಯಲ್ಲಿ ನಾಲ್ಕೈದು ಜನಕ್ಕೆ ಪಲ್ಯ, ಮಾಂಸ ಹುರಿಯುತ್ತಿತ್ತು. 1942ರಲ್ಲಿ ವಾಂಗ್ ಷಿವೆಯ್ ಎಂಬ ಲೇಖಕ ಪಕ್ಷದ ಪತ್ರಿಕೆಯಲ್ಲೇ ಇದನ್ನು ಎತ್ತಿ ಆಡಿದ: ಬಟ್ಟೆಯಲ್ಲಿ ಮೂರು ಬಣ್ಣ, ಊಟದಲ್ಲಿ ಐದು ದರ್ಜೆ. ಅವನನ್ನು ಹಿಡಿದು ಕೂಡಿಹಾಕಿದರು, 1947ರಲ್ಲಿ ಕೊಂದರು. ಒಲೆಗಳು ಉಳಿದವು. ಇವತ್ತಿಗೂ ಚೀನೀ ಭಾಷೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಮೇಷ್ಟ್ರು ಬೇರೆಯಾಗಿ ಪಾಠ ಹೇಳಿಕೊಟ್ಟರೆ 'ಚಿಕ್ಕ ಒಲೆ ಹಚ್ಚಿದರು' ಎನ್ನುತ್ತಾರೆ.

1949ರಲ್ಲಿ ಅಧಿಕಾರ ಕೈಗೆ ಬಂತು. 1955ರಲ್ಲಿ ಸರಬರಾಜು ಪದ್ಧತಿ ಪೂರ್ತಿ ನಿಂತು ಎಲ್ಲರಿಗೂ ಸಂಬಳ ಬಂತು. ಮೂವತ್ತು ದರ್ಜೆಗಳ ಏಣಿ. 1956ರ ಪಟ್ಟಿಯಂತೆ ಬೀಜಿಂಗಿನಲ್ಲಿ ಒಂದನೇ ದರ್ಜೆಗೆ ತಿಂಗಳಿಗೆ 644 ಯುವಾನ್, ಮೂವತ್ತನೆಯದಕ್ಕೆ 23. ತಳಕ್ಕೂ ತುದಿಗೂ 28 ಪಟ್ಟು ಅಂತರ. ಇನ್ನು ಒಲೆಯ ಜಗಳ ಮುಗಿಯಿತು, ಯಾರಿಗೆ ಏನು ಬೇಕೋ ದುಡ್ಡು ಕೊಟ್ಟು ತಿನ್ನಲಿ ಎಂಬುದು ಲೆಕ್ಕಾಚಾರ. ಆದರೆ ಅಂಗಡಿಯಲ್ಲಿ ಸಾಮಾನಿದ್ದರೆ ತಾನೆ ದುಡ್ಡಿಗೆ ಬೆಲೆ! ಅದೇ ಹೊತ್ತಿಗೆ ದುಡ್ಡಿನ ಪಕ್ಕದಲ್ಲಿ ಇನ್ನೊಂದು ನಾಣ್ಯ ಚಲಾವಣೆಗೆ ಬಂದಿತ್ತು: ಧಾನ್ಯದ ಚೀಟಿ.

1953ರ ಕೊನೆಯಲ್ಲಿ ಸರ್ಕಾರ ಧಾನ್ಯದ ಖಾಸಗಿ ವ್ಯಾಪಾರ ನಿಲ್ಲಿಸಿತು. ರೈತ ತನ್ನ ಹೆಚ್ಚುವರಿಯನ್ನು ಸರ್ಕಾರಕ್ಕೇ ಮಾರಬೇಕು, ಪಟ್ಟಣದವರು ಸರ್ಕಾರದಿಂದಲೇ ಕೊಳ್ಳಬೇಕು. 1955ರ ಆಗಸ್ಟ್‌ನಲ್ಲಿ ಪಟ್ಟಣಗಳಿಗೆ ತಲೆವಾರು ಅಳತೆ ನಿಗದಿಯಾಯಿತು. ಅಳತೆಯ ಮಾನ ಜಿನ್, ಅಂದರೆ ಅರ್ಧ ಕಿಲೋ. ಅಕ್ಕಿ ಉಣ್ಣುವ ಸೀಮೆಯಲ್ಲಿ ಅತಿ ಕಠಿಣ ಮೈಗೆಲಸದವರಿಗೆ ತಿಂಗಳಿಗೆ 45ರಿಂದ 55 ಜಿನ್, ಕಠಿಣ ಕೆಲಸಕ್ಕೆ 35ರಿಂದ 44, ಹಗುರ ಕೆಲಸಕ್ಕೆ 26ರಿಂದ 34, ಕಚೇರಿಯವರಿಗೆ 24ರಿಂದ 29, ಬೇರೆ ಕೆಲಸವಿಲ್ಲದ ದೊಡ್ಡವರಿಗೆ 22ರಿಂದ 26.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಈ ಪಟ್ಟಿಯ ಪ್ರಕಾರ ಮಂತ್ರಿಗಿಂತ ಮೂಟೆ ಹೊರುವವನಿಗೇ ಹೆಚ್ಚು ಅಕ್ಕಿ. ಇದು ಸುಳ್ಳಲ್ಲ, ತೋರಿಕೆಯೂ ಅಲ್ಲ, ಧಾನ್ಯದ ಲೆಕ್ಕ ಸಾಕಷ್ಟು ಪ್ರಾಮಾಣಿಕವಾಗಿಯೇ ಇತ್ತು. ಸವಲತ್ತು ಬಚ್ಚಿಟ್ಟುಕೊಂಡಿದ್ದು ಧಾನ್ಯದಲ್ಲಲ್ಲ, ನಂಚಿಕೊಳ್ಳುವುದರಲ್ಲಿ. ಚೀನೀಯರು ಊಟವನ್ನು ಎರಡು ಪಾಲು ಮಾಡುತ್ತಾರೆ: ಮುಖ್ಯ ಆಹಾರ, ಉಪ ಆಹಾರ. ಅನ್ನ, ಹಿಟ್ಟು, ಜೋಳ ಮೊದಲಿನದು. ಎಣ್ಣೆ, ಮಾಂಸ, ಮೊಟ್ಟೆ, ಸಕ್ಕರೆ, ಕಾಳು, ತರಕಾರಿ ಎರಡನೆಯದು. ಹೊಟ್ಟೆ ತುಂಬಿಸುವುದು ಒಂದು, ಮೈ ನಿಲ್ಲಿಸುವುದು ಇನ್ನೊಂದು. ಸರ್ಕಾರ ಮೊದಲಿನದನ್ನು ದುಡಿಮೆಗೆ ತಕ್ಕಂತೆ ಹಂಚಿತು, ಎರಡನೆಯದನ್ನು ದರ್ಜೆಗೆ ತಕ್ಕಂತೆ.

ಪದ್ಧತಿ ನಡೆಯುತ್ತಿದ್ದ ಬಗೆ ಹೀಗೆ. ಮನೆಗೊಂದು ಧಾನ್ಯ ಪುಸ್ತಕ. ಅದು ಬೇಕಾದರೆ ಪಟ್ಟಣದ ನಿವಾಸಿ ಎಂಬ ನೋಂದಣಿ ಬೇಕು. ತಿಂಗಳಿಗೊಮ್ಮೆ ಪುಸ್ತಕ ಹಿಡಿದು ಗೊತ್ತುಮಾಡಿದ ಅಂಗಡಿಗೇ ಹೋಗಬೇಕು, ಪಕ್ಕದ ಬೀದಿಯದು ನಡೆಯದು. ಗುಮಾಸ್ತ ಅಕ್ಕಿ ಎಷ್ಟು, ಗೋಧಿ ಹಿಟ್ಟು ಎಷ್ಟು, ಜೋಳದ ಹಿಟ್ಟು ಎಷ್ಟು ಎಂದು ಬೇರೆ ಬೇರೆ ಬರೆದು ಕಳೆಯುತ್ತಿದ್ದ. ಬಿಳಿ ಹಿಟ್ಟಿನ ಪಾಲು ಚಿಕ್ಕದು, ಅದು ಹಬ್ಬಕ್ಕೆ ಮೀಸಲು. ಹೊರಗೆ ಉಣ್ಣುವವರು ತಮ್ಮ ಪಾಲಿನಲ್ಲೇ ಸ್ವಲ್ಪವನ್ನು ಚೀಟಿಯಾಗಿ ಬಿಡಿಸಿಕೊಳ್ಳಬೇಕು. ಹೋಟೆಲಿನಲ್ಲಿ ಒಂದು ಬಟ್ಟಲು ನೂಡಲ್ಸ್‌ಗೆ ದುಡ್ಡೂ ಕೊಡಬೇಕು, ಚೀಟಿಯೂ ಕೊಡಬೇಕು. ಜಿನ್‌ನ ಕೆಳಗಿನ ಅಳತೆ ಲ್ಯಾಂಗ್. 1959ರವರೆಗೆ ಜಿನ್‌ಗೆ 16 ಲ್ಯಾಂಗ್ ಇತ್ತು, ಆಮೇಲೆ 10 ಆಯಿತು, ಅಂದರೆ ಲ್ಯಾಂಗ್‌ಗೆ 50 ಗ್ರಾಂ. ಶಾಂಘೈನಲ್ಲಿ ಅರ್ಧ ಲ್ಯಾಂಗ್ ಚೀಟಿಯೂ ಇತ್ತು, 25 ಗ್ರಾಂ ಧಾನ್ಯಕ್ಕೆ ಸರ್ಕಾರಿ ಮುದ್ರೆ! ಶಾಂಘೈನವರ ಜಿಪುಣತನಕ್ಕೆ ಬೇರೆ ಊರವರು ಇದನ್ನೇ ಸಾಕ್ಷಿ ಹೇಳುತ್ತಿದ್ದರು.

ಒಂದು ಪ್ರಾಂತದ ಚೀಟಿ ಇನ್ನೊಂದರಲ್ಲಿ ಕಾಗದದ ಚೂರು. ದೂರದ ಪ್ರಯಾಣಕ್ಕೆ ರಾಷ್ಟ್ರೀಯ ಚೀಟಿ ಬೇಕು, ಅದಕ್ಕೆ ಕೆಲಸದ ಕಚೇರಿಯ ಪತ್ರ ಬೇಕು, ಬದಲಿಗೆ ನಿಮ್ಮ ಎಣ್ಣೆಯ ಪಾಲಿನಲ್ಲೂ ಕಡಿತ. ನೆಂಟರ ಮನೆಗೆ ಹೋದವರು ಊಟಕ್ಕೆ ಕೂರುವ ಮುಂಚೆ ಚೀಟಿ ತೆಗೆದಿಡುವುದು ಮರ್ಯಾದೆಯಾಯಿತು. ಪುಸ್ತಕ ಕಳೆದರೆ ಆ ತಿಂಗಳ ಗತಿ ದೇವರೇ. ಎಲ್ಲಕ್ಕಿಂತ ಬಿಗಿಯಾದ ನಿಯಮ ಇನ್ನೊಂದಿತ್ತು: ಮಗುವಿನ ನೋಂದಣಿ ತಾಯಿಯ ಕಡೆಯದು. ಅಪ್ಪ ಪಟ್ಟಣದ ನೌಕರನಾಗಿದ್ದರೂ ಅಮ್ಮ ಹಳ್ಳಿಯವಳಾದರೆ ಮಗುವಿಗೆ ಧಾನ್ಯ ಪುಸ್ತಕ ಇಲ್ಲ. ಮದುವೆ ಮಾತುಕತೆಯಲ್ಲಿ ಹುಡುಗಿಯ ರೂಪಕ್ಕಿಂತ ಮೊದಲು ಅವಳ ನೋಂದಣಿ ವಿಚಾರಿಸುತ್ತಿದ್ದುದು ಇದಕ್ಕೇ.

ನಮ್ಮ ಕಡೆ ರೇಷನ್ ಕಾರ್ಡು ಅಂದರೆ ಇಲ್ಲದವರಿಗೆ ಆಸರೆ. ಅಲ್ಲಿ ಅದು ಇರುವವರ ಗುರುತು. ಹಳ್ಳಿಗರಿಗೆ ಪುಸ್ತಕವೂ ಇಲ್ಲ, ಚೀಟಿಯೂ ಇಲ್ಲ. ಸರ್ಕಾರದ ಖರೀದಿ, ತೆರಿಗೆ, ಬೀಜ ಕಳೆದು ಉಳಿದದ್ದು ಅವರ ಪಾಲು. ಉಳಿಯದಿದ್ದರೆ ಇಲ್ಲ. ಹಾಗಾಗಿ ಮೊದಲ ದೊಡ್ಡ ಸವಲತ್ತು ಚಿಕ್ಕ ಒಲೆಯದ್ದಲ್ಲ, ಪಟ್ಟಣದ ಬೀದಿ ಗುಡಿಸುವವನ ಕೈಯಲ್ಲೂ ಇದ್ದ ಆ ಪುಸ್ತಕದ್ದು. ಅಧಿಕಾರಿಗಳ ಊಟದ ಬಗ್ಗೆ ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ. ಹಾರಿಸಿದರೆ ಲೆಕ್ಕವೇ ತಪ್ಪುತ್ತದೆ.

1958ರಲ್ಲಿ ಮಹಾ ಜಿಗಿತ, ಅಂದರೆ ದೇಶವನ್ನು ಒಂದೇ ನೆಗೆತಕ್ಕೆ ಮುಂದೆ ತರುವ ಮಾವೋನ ಆಂದೋಲನ, ಬಂತು. ಹಳ್ಳಿಗಳು ಹೊಲ, ದುಡಿಮೆ ಎಲ್ಲ ಒಟ್ಟುಗೂಡಿಸಿದ ಕಮ್ಯೂನ್‌ಗಳಾದವು, ಮನೆಯ ಒಲೆ ಆರಿಸಿ ಸಾಮೂಹಿಕ ಊಟದಮನೆ ತೆರೆದರು. ಬೆಳೆಯ ಅಂಕಿಗಳನ್ನು ಊದಿಸಿದರು, ಊದಿಸಿದ ಅಂಕಿಯ ಮೇಲೆ ಸರ್ಕಾರ ಪಾಲು ಎತ್ತಿತು. ಮುಂದಿನ ಮೂರು ವರ್ಷದ ಬರಗಾಲದಲ್ಲಿ ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇದೆ. ಹೆನಾನ್ ಪ್ರಾಂತದ ಶಿನ್‌ಯಾಂಗ್ ಜಿಲ್ಲೆಯೊಂದರಲ್ಲೇ 1959-60ರ ಚಳಿಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಹೋದರು. ಅಲ್ಲಿನ ಸರ್ಕಾರಿ ಉಗ್ರಾಣಗಳಲ್ಲಿ ಆಗ ಧಾನ್ಯವಿತ್ತು.

1960ರ ಸೆಪ್ಟೆಂಬರ್ 7ರಂದು ಪಕ್ಷದ ಕೇಂದ್ರ ಸಮಿತಿ ಪಡಿತರ ಇಳಿಸುವ ಆದೇಶ ಹೊರಡಿಸಿತು. ಪಟ್ಟಣದಲ್ಲಿ, ಕಠಿಣ ಮೈಗೆಲಸದವರನ್ನು ಬಿಟ್ಟು ಉಳಿದವರಿಗೆ ತಲೆಗೆ ತಿಂಗಳಿಗೆ 2 ಜಿನ್ ಕಡಿತ. ಹಳ್ಳಿಯಲ್ಲಿ, ಹ್ವಾಯ್ ನದಿಯ ದಕ್ಷಿಣಕ್ಕೆ ವರ್ಷಕ್ಕೆ 360 ಜಿನ್, ಉತ್ತರಕ್ಕೆ 300. ಮೇಲುನೋಟಕ್ಕೆ ತಿಂಗಳಿಗೆ 26 ಜಿನ್ ಪಡೆಯುವ ಕಚೇರಿ ಗುಮಾಸ್ತನಿಗೂ ತಿಂಗಳಿಗೆ 30 ಜಿನ್ ಬೀಳುವ ದಕ್ಷಿಣದ ರೈತನಿಗೂ ದೊಡ್ಡ ವ್ಯತ್ಯಾಸವಿಲ್ಲ, ರೈತನೇ ಮುಂದೆ. ಮೋಸ ಇರುವುದು ಹೊಟ್ಟಿನಲ್ಲಿ. ಪಟ್ಟಣದ ಅಳತೆ ಹಸನು ಮಾಡಿದ ಧಾನ್ಯದ್ದು, ಹಳ್ಳಿಯದು ಹೊಟ್ಟು ಸಮೇತದ ಕಚ್ಚಾ ಧಾನ್ಯದ್ದು. 360 ಜಿನ್ ಅಂದರೆ 180 ಕಿಲೋ ಭತ್ತ, ದಿನಕ್ಕೆ ಸುಮಾರು 490 ಗ್ರಾಂ. ಕುಟ್ಟಿ ಕೇರಿದರೆ ಅಕ್ಕಿ ಉಳಿಯುವುದು 340 ಗ್ರಾಂ ಆಸುಪಾಸು, ಅಂದರೆ 1,200 ಕ್ಯಾಲೊರಿ. ಗುಮಾಸ್ತನ 26 ಜಿನ್ ದಿನಕ್ಕೆ 430 ಗ್ರಾಂ ಅಕ್ಕಿಯೇ, 1,500 ಕ್ಯಾಲೊರಿ. ಹೊಲದಲ್ಲಿ ಮೈ ಮುರಿಯುವವನು ಇವರಲ್ಲಿ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನು 360 ಎಂಬುದು ಕಾಗದದ ಅಂಕಿ. ಎಷ್ಟೋ ಊರುಗಳಲ್ಲಿ ಅಷ್ಟೂ ತಲುಪಲಿಲ್ಲ.

ಎರಡು ತಿಂಗಳ ನಂತರ, ನವೆಂಬರ್‌ನಲ್ಲಿ, ಬೀಜಿಂಗಿನ ಹಿರಿಯ ಅಧಿಕಾರಿಗಳಿಗೂ ಹಿರಿಯ ಬುದ್ಧಿಜೀವಿಗಳಿಗೂ ಉಪ ಆಹಾರದಲ್ಲಿ ವಿಶೇಷ ಗಮನ ಕೊಡಬೇಕೆಂಬ ವಾಣಿಜ್ಯ ಇಲಾಖೆಯ ವರದಿಗೆ ಕೇಂದ್ರ ಸಮಿತಿ ಒಪ್ಪಿಗೆ ಕೊಟ್ಟಿತು. ಸವಲತ್ತು ಎಂಬ ಪದ ಅದರಲ್ಲಿಲ್ಲ. ಇರುವುದು ಆರೈಕೆ, ನೋಡಿಕೊಳ್ಳುವುದು ಎಂಬ ಅರ್ಥದ ಮೆತ್ತಗಿನ ಪದ. ಸಕ್ಕರೆ-ಸೋಯಾ, ಮಾಂಸ-ಮೊಟ್ಟೆಯ ಪಟ್ಟಿಗಳು ಹುಟ್ಟಿದ್ದು ಈ ಆರೈಕೆಯಿಂದ. ಹದಿಮೂರರ ಮೇಲಕ್ಕೆ ಹೋದಂತೆ ಪಾಲು ದಪ್ಪವಾಗುತ್ತಿತ್ತು. ಬುದ್ಧಿಜೀವಿಗಳನ್ನು ಪಟ್ಟಿಗೆ ಸೇರಿಸಿದ್ದು ಜಾಣತನ. ಬರೆಯಬಲ್ಲವರು ಪಂಕ್ತಿಯಲ್ಲೇ ಕೂತಿದ್ದರೆ ಇನ್ನೊಬ್ಬ ವಾಂಗ್ ಷಿವೆಯ್ ಹುಟ್ಟುವುದು ಕಷ್ಟ.

ಈಗ ಆ ಸೋಯಾ ಕಾಳನ್ನು ತಕ್ಕಡಿಗೆ ಹಾಕೋಣ. ಒಂದು ಜಿನ್, 500 ಗ್ರಾಂ. ಸೋಯಾದಲ್ಲಿ ನೂರಕ್ಕೆ 36ರಿಂದ 40 ಭಾಗ ಪ್ರೋಟೀನು. ತಿಂಗಳಿಗೆ 190 ಗ್ರಾಂ ಅಂತಿಟ್ಟುಕೊಂಡರೆ ದಿನಕ್ಕೆ ಆರು ಗ್ರಾಂ ಚಿಲ್ಲರೆ, ಒಂದು ಮೊಟ್ಟೆಯಷ್ಟು. ಸಕ್ಕರೆ ದಿನಕ್ಕೆ ಸುಮಾರು 17 ಗ್ರಾಂ, ಮೂರು-ನಾಲ್ಕು ಚಮಚ. ಮೇಲಿನ ದರ್ಜೆಯವನ ಒಂದು ಕಿಲೋ ಮೊಟ್ಟೆ ಅಂದರೆ ಇಪ್ಪತ್ತು ಮೊಟ್ಟೆ, ಮೂರು ದಿನಕ್ಕೆ ಎರಡು. ಒಂದು ಕಿಲೋ ಮಾಂಸ ದಿನಕ್ಕೆ 33 ಗ್ರಾಂ. ಅದೂ ಆ ಮನುಷ್ಯನೊಬ್ಬನ ಹೆಸರಿನಲ್ಲಿ ಬರುವುದು. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು ಇದ್ದರೆ ಹಂಚಿಕೊಂಡೇ ತಿನ್ನಬೇಕು. ರಾಜಭೋಜನವೇನೂ ಅಲ್ಲ.

ಆದರೂ ಆ ಚಿಟಿಕೆಗೆ ಅಷ್ಟು ಬೆಲೆ ಯಾಕೆ ಬಂತು ಅಂದರೆ, ಆಗ ಪಟ್ಟಣಗಳಲ್ಲೂ ಜನರ ಮೈ ಬಾತುಕೊಳ್ಳುತ್ತಿತ್ತು. ಪ್ರೋಟೀನು ಸಾಲದೆ ಹೋದರೆ ರಕ್ತದಲ್ಲಿ ನೀರು ಹಿಡಿದಿಡುವ ಆಲ್ಬುಮಿನ್ ಇಳಿಯುತ್ತದೆ, ನೀರು ರಕ್ತನಾಳದಿಂದ ಹೊರಕ್ಕೆ ಜಿನುಗಿ ಚರ್ಮದಡಿ ನಿಲ್ಲುತ್ತದೆ. ಪರೀಕ್ಷೆ ಸುಲಭ: ಮೊಣಕಾಲಿನ ಕೆಳಗೆ ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಡಿ. ಕುಳಿ ತಕ್ಷಣ ತುಂಬಿದರೆ ಸರಿ, ಹಾಗೇ ನಿಂತರೆ ಕಾಯಿಲೆ. ಬೆಳಿಗ್ಗೆ ಕಣ್ಣಿನ ಸುತ್ತ ಊತ, ಸಂಜೆಗೆ ಚಪ್ಪಲಿ ಹಿಡಿಸದ ಕಾಲು. ವೈದ್ಯರು ಕೊಡುತ್ತಿದ್ದ ಔಷಧದ ಹೆಸರು ಚೇತರಿಕೆ ಪುಡಿ. ಅದರಲ್ಲಿದ್ದದ್ದು ಸೋಯಾ ಹಿಟ್ಟು, ಅಕ್ಕಿ ತೌಡು, ಒಂದಿಷ್ಟು ಸಕ್ಕರೆ. ಬಾತವರಿಗೆ ಔಷಧವಾಗಿ ಕೊಡುತ್ತಿದ್ದುದೂ ಹದಿನೇಳನೇ ದರ್ಜೆಯವನಿಗೆ ಸವಲತ್ತಾಗಿ ಬರುತ್ತಿದ್ದುದೂ ಹೆಚ್ಚುಕಡಿಮೆ ಒಂದೇ ಸಾಮಾನು. ಒಬ್ಬನಿಗೆ ಕಾಯಿಲೆ ಬಂದ ಮೇಲೆ, ಇನ್ನೊಬ್ಬನಿಗೆ ಬರುವ ಮುಂಚೆ.

ಉಳಿದವರಿಗೆ ಸರ್ಕಾರ ಕೊಟ್ಟದ್ದು ಉಪಾಯಗಳು. 'ಕಡಿಮೆ ಅಳತೆ, ಬದಲಿಗೆ ಸೊಪ್ಪು-ಸೋರೆ' ಎಂಬುದು ಘೋಷಣೆ. ನೀರಿನ ತೊಟ್ಟಿಗಳಲ್ಲಿ ಕ್ಲೋರೆಲ್ಲಾ ಎಂಬ ಹಸಿರು ಪಾಚಿ ಬೆಳೆಸಿ ಗಂಜಿಗೆ ಬೆರೆಸಿದರು. ಎಲ್ಲಕ್ಕಿಂತ ಹೆಸರು ಮಾಡಿದ್ದು ಎರಡು ಸಲ ಹಬೆಯಾಡಿಸುವ ಅನ್ನ. ಅಕ್ಕಿಯನ್ನು ಮೊದಲು ನೀರು ಹಾಕದೆ ಹಬೆಯಲ್ಲಿ ಅರ್ಧ ಗಂಟೆ ಇಡುವುದು. ಆಮೇಲೆ ನೀರು ಬೆರೆಸಿ ಕಾಳು ಉಬ್ಬುವವರೆಗೆ ಬಿಡುವುದು. ಮತ್ತೆ ಜೋರು ಉರಿಯಲ್ಲಿ ಹಬೆಯಾಡಿಸುವುದು. ಕಾಳು ಬಿರಿದು ಬಟ್ಟಲು ತುಂಬಿ ತುಳುಕುತ್ತದೆ. ಇದನ್ನು ದೇಶದ ಊಟದಮನೆಗಳಿಗೆಲ್ಲ ಹೊಸ ಶೋಧ ಎಂದು ಸಾರಿದರು. ಹೆಚ್ಚಾದದ್ದು ನೀರು ಮಾತ್ರ, ಒಂದು ಕ್ಯಾಲೊರಿಯೂ ಹೆಚ್ಚಲಿಲ್ಲ. ಉಂಡ ಗಂಟೆಗೆಲ್ಲ ಹಸಿವೆ ಮರಳುತ್ತಿತ್ತು. ಮೊದಲೇ ನೀರು ತುಂಬಿ ಬಾತ ಮೈಗೆ ಇನ್ನಷ್ಟು ನೀರು, ಸಪ್ಪೆ ಅನ್ನ ಇಳಿಯಲು ಇನ್ನಷ್ಟು ಉಪ್ಪು. ಇದಕ್ಕಿಂತ ತಪ್ಪು ಔಷಧ ಹುಡುಕಿದರೂ ಸಿಗದು.

ಹಳ್ಳಿಯ ಸವಲತ್ತು ದರ್ಜೆಯ ಪಟ್ಟಿಯಲ್ಲಿರಲಿಲ್ಲ, ಸೌಟಿನಲ್ಲಿತ್ತು. ಸಾಮೂಹಿಕ ಊಟದಮನೆಯ ಗಂಜಿ ತಿಳಿಯಾದಷ್ಟೂ ಕಾಳು ತಳಕ್ಕೆ ಕೂರುತ್ತದೆ. ಸೌಟು ಮೇಲ್ಮೈಯಲ್ಲಿ ತೇಲಿಸಿ ತೆಗೆದರೆ ಬಟ್ಟಲಿಗೆ ಬಿಸಿನೀರು, ತಳ ಮುಟ್ಟಿಸಿ ಎತ್ತಿದರೆ ಅನ್ನ. ಹಂಡೆ ಒಂದೇ, ಲೆಕ್ಕದ ಪುಸ್ತಕದಲ್ಲಿ ಎಲ್ಲರಿಗೂ ಒಂದೇ ಸೌಟು. ಬಡಿಸುವವ ನಮ್ಮವನಾದರೆ ಕಡೇ ಪಂಕ್ತಿಯಾದರೇನು ಎಂಬ ನಮ್ಮ ಗಾದೆಯ ಕರಾಳ ರೂಪ ಇದು. ಅಲ್ಲಿನ ಮಾತು ಇನ್ನೂ ಹರಿತ: ದಿನಕ್ಕೆ ಒಂದು ಲ್ಯಾಂಗ್ ಧಾನ್ಯ ಕೊಟ್ಟರೂ ಉಗ್ರಾಣದವನು ಸಾಯುವುದಿಲ್ಲ, ಲ್ಯಾಂಗ್‌ನ ಹತ್ತನೇ ಒಂದು ಭಾಗ ಕೊಟ್ಟರೂ ಅಡುಗೆಯವನು ಸಾಯುವುದಿಲ್ಲ. ಊರಿನ ಕಾರ್ಯದರ್ಶಿ, ಲೆಕ್ಕಿಗರು ರಾತ್ರಿ ಬಾಗಿಲು ಹಾಕಿಕೊಂಡು ತಮ್ಮದೇ ಚಿಕ್ಕ ಒಲೆ ಹಚ್ಚುತ್ತಿದ್ದರು. ಪಕ್ಷ ಆಮೇಲೆ ಇದಕ್ಕೆ 'ಹೆಚ್ಚು ತಿನ್ನುವುದು, ಹೆಚ್ಚು ಹಿಡಿದಿಡುವುದು' ಎಂದು ಹೆಸರಿಟ್ಟು ಹಳ್ಳಿಯ ಪುಡಿ ಮುಖಂಡರನ್ನು ಶಿಕ್ಷಿಸಿತು. ಬೀಜಿಂಗಿನಲ್ಲಿ ಆರೈಕೆ, ಹಳ್ಳಿಯಲ್ಲಿ ಅಪರಾಧ.

ತೀರಾ ತುದಿಯವರ ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಜಿಂಗಿನ ಪಶ್ಚಿಮ ಹೊರವಲಯದ ಜುಶಾನ್ ತೋಟದಿಂದ ಪಕ್ಷದ ನಾಯಕರ ಮನೆ, ಕಚೇರಿಗಳಿದ್ದ ಝೊಂಗ್‌ನಾನ್‌ಹಾಯ್‌ಗೆ ತರಕಾರಿ, ಹಾಲು, ಮಾಂಸ ಹೋಗುತ್ತಿತ್ತು. ವಿಷಪ್ರಾಶನದ ಭಯಕ್ಕೆ ಪರೀಕ್ಷೆ ಮಾಡಿಯೇ ಒಳಗೆ ಬಿಡುತ್ತಿದ್ದರು. ಹಳೆಯ ಅರಮನೆಯ ಪೂರ್ವ ಬಾಗಿಲ ಬಳಿ ಡೊಂಗ್‌ಹುವಾಮೆನ್ ಬೀದಿಯ 34ನೇ ನಂಬರಿನಲ್ಲಿ ಇನ್ನೊಂದು ಸರಬರಾಜು ಅಂಗಡಿ. ಅದರ ಹೆಸರೇ 'ಮೂವತ್ನಾಲ್ಕು'. 1960ರ ಕೊನೆಯಲ್ಲಿ ಮಾವೋ ಕೆಲವು ತಿಂಗಳು ಮಾಂಸ ಬಿಟ್ಟಿದ್ದನ್ನು ಅಧಿಕೃತ ಜೀವನಚರಿತ್ರೆಗಳು ತಪ್ಪದೆ ಹೇಳುತ್ತವೆ. ಬಿಟ್ಟಿದ್ದು ನಿಜವೇ ಇರಲಿ. ಬಿಡುವ ಆಯ್ಕೆ ಇತ್ತಲ್ಲ, ಅದನ್ನು ಯಾವ ದರ್ಜೆಯ ಪಟ್ಟಿಯಲ್ಲಿ ಬರೆಯಬೇಕು?

ನನಗೆ ಹೆಚ್ಚು ಕಾಡುವುದು ಚೆನ್ ಯುನ್‌ನ ಲೆಕ್ಕ. ಆರ್ಥಿಕತೆ ನೋಡಿಕೊಳ್ಳುತ್ತಿದ್ದ ಆತ 1962ರ ಫೆಬ್ರುವರಿಯ ಭಾಷಣದಲ್ಲಿ ಅಂಗಡಿಯ ಗುಮಾಸ್ತನಂತೆ ಕೂಡಿಸಿ ತೋರಿಸಿದ: ಮನುಷ್ಯನಿಗೆ ದಿನಕ್ಕೆ ಸುಮಾರು 70 ಗ್ರಾಂ ಪ್ರೋಟೀನು ಬೇಕು. ಒಂದು ಜಿನ್ ಧಾನ್ಯದಿಂದ 45, ಒಂದು ಜಿನ್ ತರಕಾರಿಯಿಂದ 5, ಒಂದು ಲ್ಯಾಂಗ್ ಸೋಯಾದಿಂದ 20. ಅಲ್ಲಿಗೆ ಸರಿಹೋಯಿತು. ಆದ್ದರಿಂದ ದೊಡ್ಡ, ಮಧ್ಯಮ ನಗರಗಳ ಆರು ಕೋಟಿ ಜನಕ್ಕೆ ತಿಂಗಳಿಗೆ 3 ಜಿನ್ ಸೋಯಾ ಕೊಡೋಣ. ಸೊಗಸಾದ ಲೆಕ್ಕ, ಅಧಿಕಾರಿಗೆ ಸಿಗುತ್ತಿದ್ದುದರ ಮೂರು ಪಟ್ಟು. ಆದರೆ ಇಸವಿ ನೋಡಿ. ಅಧಿಕಾರಿಗೆ ಸೋಯಾ ಬೇಕೆಂದು 1960ರಲ್ಲೇ ಹೊಳೆದಿತ್ತು, ಪಟ್ಟಣಿಗನ ಸರದಿ ಬಂದದ್ದು 1962ಕ್ಕೆ. ಸೋಯಾ ಬೆಳೆಯುವವನು ಎರಡೂ ಪಟ್ಟಿಯಲ್ಲಿಲ್ಲ.

ಪಟ್ಟಣದ ಪುಸ್ತಕಗಳನ್ನು ಉಳಿಸಲು 1961ರಿಂದ ಕೆನಡಾ, ಆಸ್ಟ್ರೇಲಿಯಾದ ಗೋಧಿ ಹಡಗಿನಲ್ಲಿ ಬಂತು. ಅದೂ ಸಾಲದೆ ಮುಂದಿನ ಎರಡು-ಮೂರು ವರ್ಷದಲ್ಲಿ ಸುಮಾರು ಎರಡು ಕೋಟಿ ಪಟ್ಟಣಿಗರನ್ನು ಹಳ್ಳಿಗೆ ವಾಪಸು ಕಳಿಸಿದರು. ಅವರಲ್ಲಿ ಬಹಳ ಜನ ಮಹಾ ಜಿಗಿತದಲ್ಲಿ ಕಾರ್ಖಾನೆಗೆಂದು ಕರೆಸಿಕೊಂಡವರೇ. ಹೋಗುವಾಗ ಧಾನ್ಯ ಪುಸ್ತಕ ಒಪ್ಪಿಸಿ ಹೋಗಬೇಕು.

ಬರ ಮುಗಿದರೂ ಪುಸ್ತಕ, ಚೀಟಿ ಇನ್ನು ಮೂವತ್ತು ವರ್ಷ ಇದ್ದವು. 1980ರ ದಶಕದಲ್ಲಿ ಪಟ್ಟಣದವರ ಹತ್ತಿರ ಚೀಟಿ ಮಿಗತೊಡಗಿತು. ಆಗ ಹಳ್ಳಿಯಿಂದ ಹೆಂಗಸರು ಮೊಟ್ಟೆಯ ಬುಟ್ಟಿ ಹೊತ್ತು ಓಣಿಗಳಿಗೆ ಬರುತ್ತಿದ್ದರು. ದುಡ್ಡು ಬೇಡ, ಧಾನ್ಯದ ಚೀಟಿ ಕೊಡಿ, ಅದೂ ರಾಷ್ಟ್ರೀಯ ಚೀಟಿಯಾದರೆ ಒಳ್ಳೆಯದು ಎಂದು ಚೌಕಾಸಿ ಮಾಡುತ್ತಿದ್ದರು. ಚೀಟಿ ಇದ್ದರೆ ಪಟ್ಟಣದ ಹೋಟೆಲಿನಲ್ಲಿ ಕೂತು ಒಂದು ಬಟ್ಟಲು ನೂಡಲ್ಸ್ ಕೇಳಬಹುದು. 1993ರಲ್ಲಿ ಚೀಟಿಗಳು ರದ್ದಾದವು. ಮೊಟ್ಟೆ ಕೊಟ್ಟು ಕೂಡಿಟ್ಟುಕೊಂಡಿದ್ದವರ ಟ್ರಂಕಿನಲ್ಲಿ ಅವು ಹಾಗೇ ಉಳಿದವು.